ಪುಟ್ಟಿ, ಹಲಸಿನ ಹಣ್ಣಿನ ವಿಷಯ ಮೊದಲು ಕೇಳು

ಪುಟ್ಟಿ, ನಿನ್ನೆ ರಾತ್ರಿ ನೀನು ಹಾಕಿದ ಮೆಸೇಜ್ ಈಗ ನೋಡಿದೆ. ಕ್ರಿಸ್‌ಮಸ್ ರಜೆಗೆ ಬಿಳಿಗಿರಿರಂಗನ ಬೆಟ್ಟದ ಕಾಡಿನ ಕೆ. ಗುಡಿಯಲ್ಲಿ ಎರಡು ರಾತ್ರಿ ಟೆಂಟ್ ಬುಕ್ ಮಾಡಿದ್ದೀವಿ, ಅಲ್ಲಿ ಫೋನ್ ಸಿಗೋದಿಲ್ಲವಂತೆ, ರಾತ್ರಿ ಕರೆಂಟ್ ಇರೋದಿಲ್ಲವಂತೆ, ಪಾಪುಗೆ ಬೇರೆ ಉಸಿರಾಡುವಾಗ ಎದೆ ಸುಯ್ ಅನ್ನೋ ವೀಜಿಂಗ್ ಇದೆ, ಹೋಗಬಹುದಾ ದೊಡ್ಡಮ್ಮ ಅಂತ ಕೇಳಿದ್ದೀಯ. ಗ್ರೂಪಿನಲ್ಲಿ ಆರು ಜನ ಹೆಬ್ಬೆಟ್ಟು ಒತ್ತಿ ಸುಮ್ಮನಾಗಿದ್ದಾರೆ. ಮಗು ಕರೆದುಕೊಂಡು ಕಾಡಿಗೆ ಹೊರಟವಳು ಭಯಪಟ್ಟು ಕೇಳಿದರೆ ಹೆಬ್ಬೆಟ್ಟು ಒತ್ತಿದರೆ ಆಯಿತಾ? ಇರಲಿ, ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳು.

ಮೊದಲನೇ ಮಾತು. ತಿನ್ನೋ ಪದಾರ್ಥ ಒಂದೂ ಟೆಂಟಿನೊಳಗೆ ಬೇಡ. ಬಾಳೆಹಣ್ಣು, ಸೀಬೆಹಣ್ಣು, ಕೋಡುಬಳೆ, ಪಾಪು ಬಿಸ್ಕತ್ತು, ಯಾವುದೂ ಬೇಡ. ನಿಮ್ಮ ಅತ್ತೆ ಗಾಂಧಿಬಜಾರಿನಿಂದ ಒಂದು ಚೀಲ ತುಂಬಿಸಿಕೊಂಡೇ ಹೊರಡುತ್ತಾರೆ, ನನಗೆ ಗೊತ್ತು. ಅವರಿಗೂ ಈಗಲೇ ಹೇಳಿಬಿಡು.

ಯಾಕೆ ಹೇಳುತ್ತಿದ್ದೀನಿ ಅಂದರೆ, 2005ರ ಮೇ ತಿಂಗಳು ನಿನಗೆ ನೆನಪಿದೆಯೋ ಇಲ್ಲವೋ. ನೀನಾಗ ಮೂರನೇ ಕ್ಲಾಸ್ ಮುಗಿಸಿದ್ದೆ. ವೀರಪ್ಪನ್ ಸತ್ತಿದ್ದು ಅದರ ಹಿಂದಿನ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಆ ಕಡೆ ಕಾಡಿಗೆ ಹೋಗುತ್ತೀವಿ ಅಂದರೆ ನಿಮ್ಮ ತಾತ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಆ ವರ್ಷ ಎಲ್ಲರಿಗೂ ಧೈರ್ಯ ಬಂತು. ಒಂದು ಓಮ್ನಿ, ಒಂದು ಸ್ಯಾಂಟ್ರೋ, ಮಕ್ಕಳೂ ಸೇರಿ ಹದಿಮೂರು ಜನ. ನಂಜನಗೂಡು ದಾಟಿದ ಮೇಲೆ ರಸ್ತೆ ಪಕ್ಕ ಹಲಸಿನ ಹಣ್ಣು ರಾಶಿ ಹಾಕಿಕೊಂಡು ಮಾರುತ್ತಿದ್ದರು. ಅಜ್ಜಿಗೆ ಹಲಸು ಅಂದರೆ ಪ್ರಾಣ. ಒಂದು ದೊಡ್ಡ ಹಣ್ಣು ತೆಗೆದುಕೊಂಡೆವು. ಆಗಲೇ ಘಮ್ ಅನ್ನುತ್ತಿತ್ತು.

ನಾವು ಉಳಿದಿದ್ದು ಬಂಡೀಪುರದ ಕಾಡಂಚಿನ ಒಂದು ಸಣ್ಣ ಲಾಡ್ಜಿನಲ್ಲಿ. ಮಣ್ಣಿನ ಗೋಡೆ, ನಾಡಹೆಂಚು, ಮರದ ಕಿಟಕಿ. ಬಚ್ಚಲುಮನೆ ಒಂದಕ್ಕೆ ಮಾತ್ರ ಕಾಂಕ್ರೀಟ್ ಗೋಡೆ. ಮಧ್ಯಾಹ್ನದ ಸಫಾರಿಯಲ್ಲಿ ಜಿಂಕೆ, ಕಾಟಿ ಕಂಡವು, ಹುಲಿ ಕಾಣಲಿಲ್ಲ. ಅದು ಬಿಡು. ಸಾಮಾನು ಇಳಿಸುವಾಗ ಅಲ್ಲಿನ ವಾಚರ್, ಆ ಕಾಡಿನ ಜೇನುಕುರುಬ ಬುಡಕಟ್ಟಿನ ಹಿರಿಯರು, ಹಣ್ಣು ನೋಡಿದವರೇ ಹತ್ತಿರ ಬಂದು ಹೇಳಿದರು. "ಹಣ್ಣ ಅಡುಗೆ ಮನೆಗೆ ಕೊಟ್ಟುಬುಡಿ. ಒಳಗ ಮಡಗಿದ್ರ ಆನ ಬಂದೇ ಬತ್ತದ ಕನವ್ವ" ಅಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಿನ್ನ ದೊಡ್ಡ ಮಾವ, ಅಡುಗೆಮನೆಗೆ ಕೊಟ್ಟರೆ ನಾಳೆ ಸಿಪ್ಪೆ ಸಿಗುತ್ತೆ ಅಷ್ಟೇ, ಒಂದು ರಾತ್ರಿ ತಾನೇ ಅಂದ. ನಾನೂ ಹೂಂ ಅಂದೆ. ಹಿರಿಯಳು ನಾನು, ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಗೋಣಿಚೀಲದಲ್ಲಿ ಸುತ್ತಿ ಅಜ್ಜಿಯ ಮಂಚದ ಕೆಳಗೆ ಇಟ್ಟೆವು. ಅಜ್ಜಿ ಪಕ್ಕದಲ್ಲಿ, ಕಿಟಕಿಗೆ ತಾಗಿಕೊಂಡು ಮಲಗಿದ್ದವಳು ನೀನು.

ಹತ್ತು ಗಂಟೆಗೆ ಜನರೇಟರ್ ಆಫ್ ಆಯಿತು. ಒಂದೂವರೆ ಹೊತ್ತಿಗೆ ನನಗೆ ಎಚ್ಚರ ಆಯಿತು. ಹೊರಗೆ ಗುಡುಗುಡು ಅಂತ ಸದ್ದು. ಮಳೆ ಬರುತ್ತೆ ಅಂದುಕೊಂಡೆ. ಅದು ಆನೆಯ ಹೊಟ್ಟೆಯ ಸದ್ದು ಪುಟ್ಟಿ, ಗೋಡೆಯ ಆಚೆ, ಕೈಗೆಟಕುವಷ್ಟು ಹತ್ತಿರ. ಆಮೇಲೆ ಉಸಿರು ಕೇಳಿಸಿತು. ಬೆಳದಿಂಗಳಿತ್ತು, ಕಿಟಕಿಯ ಸಂದಿಯಲ್ಲಿ ಒಂಟಿ ದಂತ ಬೆಳ್ಳಗೆ ಕಂಡಿತು. ಲಾಡ್ಜಿನ ಸುತ್ತ ಸೋಲಾರ್ ಬೇಲಿ ಇತ್ತಲ್ಲ ಅಂತ ನೀವು ಕೇಳಬಹುದು. ಆನೆಗೆ ದಂತದ ಮೇಲೆ ಕರೆಂಟ್ ಹೊಡೆಯೋದಿಲ್ಲ. ದಂತದಲ್ಲೇ ತಂತಿ ಕಿತ್ತು ಬರುತ್ತೆ, ಇಲ್ಲದಿದ್ದರೆ ಒಣಮರ ಬೀಳಿಸಿಕೊಂಡು ಬರುತ್ತೆ. ಕಲಿತ ಆನೆಗೆ ಬೇಲಿ ಲೆಕ್ಕಕ್ಕಿಲ್ಲ.

ಕಿಟಕಿಯ ಬಾಗಿಲು ಚಕ್ಕೆ ಚಕ್ಕೆಯಾಗಿ ಒಳಗೆ ಬಿತ್ತು. ಸೊಂಡಿಲು ಒಳಗೆ ಬಂತು. ನಿನ್ನ ಹೊದಿಕೆಯನ್ನು ಮೂಸಿತು. ನಾನು ನಿನ್ನ ಕಾಲು ಹಿಡಿದು ಎಳೆದುಬಿಟ್ಟೆ. ನೀನು ನಿದ್ದೆಗಣ್ಣಿನಲ್ಲಿ ಅಳುವುದಕ್ಕೆ ಶುರು ಮಾಡಿದೆ, ಬಾಯಿ ಮುಚ್ಚಿ ಬಚ್ಚಲುಮನೆಗೆ ನೂಕಿದೆ. ನನ್ನ ಅಮ್ಮನಿಗೆ, ಅಂದರೆ ನಿನ್ನ ಅಜ್ಜಿಗೆ ಆಗ ಎಪ್ಪತ್ತೆಂಟು ವರ್ಷ, ಮಂಡಿ ನೋವು, ಬೇಗ ಏಳುವುದಕ್ಕೆ ಆಗಲಿಲ್ಲ. ಮಂಚದ ಮೇಲೇ ಕುಳಿತು ಕೈ ಮುಗಿದು "ಹೋಗಪ್ಪಾ ಗಣಪ, ಮಕ್ಕಳಿದ್ದಾರೆ, ಹೋಗಪ್ಪಾ" ಅನ್ನುತ್ತಿದ್ದರು. ಸೊಂಡಿಲು ಮಂಚದ ಕೆಳಗೆ ಹೋಯಿತು. ಗೋಣಿಚೀಲ ಎಳೆಯುವಾಗ ಮಂಚವೇ ಅಲ್ಲಾಡಿತು. ಮೇಲಿಂದ ಹೆಂಚು ಬಿದ್ದವು, ಒಂದು ಅಮ್ಮನ ಭುಜಕ್ಕೆ ತಾಗಿತು. ಅಷ್ಟರಲ್ಲಿ ವಾಚರುಗಳು ಡಬ್ಬ ಬಡಿದುಕೊಂಡು, ಟಾರ್ಚ್ ಬಿಟ್ಟುಕೊಂಡು ಕೂಗುತ್ತಾ ಬಂದರು. ಆನೆ ಹಣ್ಣು ತೆಗೆದುಕೊಂಡೇ ಹೋಯಿತು.

ಬೆಳಿಗ್ಗೆ ಅಂಗಳದಲ್ಲಿ ಹೆಜ್ಜೆ ನೋಡಿದೆ. ಊಟದ ತಟ್ಟೆಗಿಂತ ಅಗಲ. ನಿನ್ನ ತಲೆಯ ಹತ್ತಿರದ ಗೋಡೆಯಿಂದ ಎರಡೇ ಅಡಿ.

ಆ ವಾಚರ್ ನಮ್ಮನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಕಿಟಕಿಯ ಚಕ್ಕೆ ಆರಿಸುತ್ತಾ, ನೀವು ಊರಿಗೆ ಹೋಗಿಬಿಡುತ್ತೀರಿ, ಆದರೆ ಮನೆಯೊಳಗೆ ಹಣ್ಣು ಇರುತ್ತೆ ಅಂತ ಆನೆಗೆ ಗೊತ್ತಾಗಿಹೋಯಿತಲ್ಲ, ಇನ್ನು ಅದು ನಮ್ಮ ಜನ ಇರುವ ಹಾಡಿಗೆ ಬರುತ್ತೆ ಅಂದರು. ಅವರ ಹಾಡಿಯ ಗುಡಿಸಲಿಗೆ ಬಚ್ಚಲಿನ ಕಾಂಕ್ರೀಟ್ ಗೋಡೆಯೂ ಇಲ್ಲ. ಆನೆಗೆ ಕಣ್ಣು ಅಷ್ಟು ಚುರುಕಲ್ಲ, ಮೂಗು ಬಹಳ ಚುರುಕು. ದಿನಕ್ಕೆ ನೂರೈವತ್ತು ಕೇಜಿ ಮೇಯಬೇಕಾದ ಪ್ರಾಣಿ, ಒಂದೇ ಕಡೆ ಸಿಹಿ ಹಣ್ಣು ಸಿಕ್ಕರೆ ಬಿಡುತ್ತಾ? ಹಾಗೆ ಮನೆಗೆ ನುಗ್ಗಿ ಅಭ್ಯಾಸವಾದ ಆನೆಯನ್ನು ಕೊನೆಗೆ ಹಿಡಿದು ಮರದ ದಿಮ್ಮಿಗಳ ದೊಡ್ಡಿಯಲ್ಲಿ ಕೂಡಿಹಾಕುತ್ತಾರೆ. ತಪ್ಪು ಬೆಂಗಳೂರಿನಿಂದ ಬಂದ ನಮ್ಮದು, ಸರಪಳಿ ಅದಕ್ಕೆ. 2023ರ ಗಣತಿಯಲ್ಲಿ ನಮ್ಮ ರಾಜ್ಯದಲ್ಲಿ 6395 ಆನೆ ಅಂತ ಪೇಪರಿನಲ್ಲಿ ಓದಿದಾಗ, ದೇಶದಲ್ಲೇ ಜಾಸ್ತಿ ನಮ್ಮಲ್ಲೇ ಅಂತ ಎಲ್ಲರೂ ಸಂತೋಷಪಟ್ಟರು. ನನಗೆ ಆ ಒಂಟಿ ದಂತದ್ದು ಇದೆಯೋ ಇಲ್ಲವೋ ಅನ್ನಿಸಿತು.

ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ತಿನ್ನೋ ಪದಾರ್ಥ ಟೆಂಟಿನೊಳಗೆ ಬೇಡ. ಕೆ. ಗುಡಿಯಲ್ಲಿ ಕಾಡುಹಂದಿ, ಜಿಂಕೆ ಟೆಂಟಿನ ಪಕ್ಕದಲ್ಲೇ ಓಡಾಡುತ್ತವೆ, ಕೋತಿಗಳಂತೂ ಕೇಳಲೇಬೇಡ. ಟೆಂಟ್ ಅಂದರೆ ಬಟ್ಟೆ. ನಮ್ಮದು ಮಣ್ಣಿನ ಗೋಡೆ, ಅದೇ ನಿಲ್ಲಲಿಲ್ಲ. ತಂದಿದ್ದನ್ನು ಹೋದ ತಕ್ಷಣ ಊಟದ ಮನೆಯವರ ಕೈಗೆ ಕೊಟ್ಟುಬಿಡು.

ಆ ರಾತ್ರಿಯಿಂದ ನಾವು ಕಳೆದುಕೊಂಡದ್ದು ಇನ್ನೊಂದಿದೆ. ಇದನ್ನು ನಾನು ಇಷ್ಟು ವರ್ಷ ಯಾರ ಹತ್ತಿರವೂ ಆಡಿಲ್ಲ. ಅಮ್ಮ ಆ ಪ್ರವಾಸಕ್ಕೆ ಬಂದಿದ್ದು ಹುಲಿ ನೋಡುವುದಕ್ಕಲ್ಲ. ವಾಪಸ್ ಬರುವಾಗ ಬಿಳಿಗಿರಿರಂಗನ ಬೆಟ್ಟ ಹತ್ತಿಸುತ್ತೀವಿ ಅಂತ ಒಪ್ಪಿಸಿ ಕರೆದುಕೊಂಡು ಹೋಗಿದ್ದೆವು. ರಂಗನಾಥ ಆ ಬೆಟ್ಟದ ಬುಡಕಟ್ಟಿನವರಾದ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ, ಅದಕ್ಕೇ ಸೋಲಿಗರು ದೇವರನ್ನೇ ಭಾವ ಅಂತ ಕರೆಯುತ್ತಾರೆ ಅಂತ ನಮಗೆಲ್ಲ ಕಥೆ ಹೇಳುತ್ತಿದ್ದವರು ಅಮ್ಮನೇ ಅಲ್ವಾ. ಅಲ್ಲಿ ಸ್ವಾಮಿಯ ದೊಡ್ಡ ಚರ್ಮದ ಪಾದುಕೆ ಇದೆ, ಅದನ್ನು ತಲೆಗೆ ಮುಟ್ಟಿಸಿಕೊಳ್ಳಬೇಕು ಅಂತ ಅವರಿಗೆ ಆಸೆ. ಬೆಳಿಗ್ಗೆ ಎಲ್ಲರೂ ಹೆದರಿ ಸಾಮಾನು ಕಟ್ಟಿದರು. ಗುಂಡ್ಲುಪೇಟೆಯಲ್ಲಿ ಚಾಮರಾಜನಗರದ ರಸ್ತೆಗೆ ತಿರುಗಿದ್ದರೆ ಸಾಕಿತ್ತು. ಭುಜಕ್ಕೆ ಬಟ್ಟೆ ಕಟ್ಟಿಕೊಂಡೇ ಅಮ್ಮ ಕೇಳಿದರು, ಬೆಟ್ಟಕ್ಕೆ ಹೋಗೋಣವಾ ಅಂತ. ಕಾರು ಓಡಿಸುತ್ತಿದ್ದವರು ಮುಂದಿನ ಸಲ ಅಂದರು. ಮುಂದಿನ ಸಲ ಎಲ್ಲಿ ಬಂತು? ಒಬ್ಬರಿಗೆ ಆಫೀಸು, ಒಬ್ಬರಿಗೆ ಸೈಟು ರಿಜಿಸ್ಟ್ರೇಷನ್. ಮೈಸೂರಿಗೆ ನಾಲ್ಕು ಸಲ ಮದುವೆಗೆ ಹೋಗಿಬಂದರು, ಬೆಟ್ಟಕ್ಕೆ ಯಾರಿಗೂ ದಾರಿ ಸಿಗಲಿಲ್ಲ. ಎರಡು ವರ್ಷಕ್ಕೆ ಅಮ್ಮ ಹೋದರು. ನನಗೆ ಕಾರು ಓಡಿಸುವುದಕ್ಕೆ ಬರುತ್ತಿರಲಿಲ್ಲ, ಬಸ್ಸಿನಲ್ಲಿ ಅವರ ಮಂಡಿ ಕಟ್ಟಿಕೊಂಡು ಹೇಗೆ ಕರೆದುಕೊಂಡು ಹೋಗಲಿ? ತಮ್ಮಂದಿರಿಬ್ಬರೂ ಈ ಗ್ರೂಪಿನಲ್ಲೇ ಇದ್ದೀರ. ಜಗಳಕ್ಕೆ ಹೇಳುತ್ತಿಲ್ಲ. ನೋವಿದೆ, ಹೇಳಿದೆ. ತಿಥಿಗೆ ಹಲಸಿನ ಹಣ್ಣು ತಂದು ಎಡೆಗೆ ಇಟ್ಟಾಗೆಲ್ಲ ನನಗೆ ಆ ತಿರುವು ಕಣ್ಣ ಮುಂದೆ ಬರುತ್ತೆ.

ಅಯ್ಯೋ, ನೀನು ಕೇಳಿದ್ದು ಪಾಪು ವೀಜಿಂಗ್ ವಿಷಯ ಅಲ್ವಾ.

ಹೋಗಬಹುದು ಪುಟ್ಟಿ, ಆದರೆ ನೆಬ್ಯುಲೈಸರ್ ನಂಬಿಕೊಂಡು ಹೋಗಬೇಡ. ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಆ ಮೆಷಿನ್ನಿಗೆ ಸಾಮಾನ್ಯವಾಗಿ ಕರೆಂಟ್ ಬೇಕು, ನಿನಗೆ ಬೇಕಾದ ಹೊತ್ತಿನಲ್ಲೇ ಅಲ್ಲಿ ಇರೋದಿಲ್ಲ. ಇನ್‌ಹೇಲರ್, ಅದಕ್ಕೆ ಸಿಕ್ಕಿಸುವ ಸ್ಪೇಸರ್ ಕೊಳವೆ, ಮಗುವಿನ ಮಾಸ್ಕ್, ಮೂರೂ ಇರಲಿ. ಈ ವಾರವೇ ಪಾಪು ಡಾಕ್ಟರ ಹತ್ತಿರ ಹೋಗಿ ಎಷ್ಟು ಪಫ್, ಎಷ್ಟು ಹೊತ್ತಿಗೊಮ್ಮೆ, ಯಾವಾಗ ಆಸ್ಪತ್ರೆಗೆ ಓಡಬೇಕು ಅಂತ ಒಂದು ಚೀಟಿಯಲ್ಲಿ ಬರೆಸಿಕೊ. ಈಗ ಶೀತ ಹಿಡಿದು ಎದೆ ಗೊರಗೊರ ಅನ್ನುತ್ತಿದ್ದರೆ ತಾರೀಖು ಮುಂದಕ್ಕೆ ಹಾಕು, ದುಡ್ಡು ಹೋದರೆ ಹೋಗಲಿ. ಡಿಸೆಂಬರಿನಲ್ಲಿ ಅಲ್ಲಿ ಚಳಿ ಜಾಸ್ತಿ, ಬೆಳಿಗ್ಗೆ ತೆರೆದ ಜೀಪಿನಲ್ಲಿ ಗಾಳಿ ಮುಖಕ್ಕೇ ಹೊಡೆಯುತ್ತೆ, ಧೂಳು ಬೇರೆ. ಕಿವಿಗೆ ಟೋಪಿ ಹಾಕಿ ಮಧ್ಯದಲ್ಲಿ ಕೂರಿಸಿಕೊ. ರಾತ್ರಿ ಬೆಂಕಿ ಹಾಕಿದರೆ ಹೊಗೆಯ ಕಡೆ ಮಗುವನ್ನು ಬಿಡಬೇಡ, ವೀಜಿಂಗ್ ಮಕ್ಕಳಿಗೆ ಹೊಗೆ ಆಗೋದಿಲ್ಲ.

ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ದಾರಿ ಹಿಡಿಯಿರಿ. ಬೆಳಿಗ್ಗೆ ಬೇಗ ಹೊರಟು ಬೆಳಕಿರುವಾಗಲೇ ಚೆಕ್‌ಪೋಸ್ಟ್ ದಾಟಿಬಿಡಿ. ಯಳಂದೂರಿನಲ್ಲಿ ಪೆಟ್ರೋಲ್ ಹಾಕಿಸಿ, ಅಲ್ಲಿಂದಲೇ ನನಗೊಂದು ಫೋನ್ ಮಾಡು, ಆಮೇಲೆ ಸಿಗುತ್ತೋ ಇಲ್ಲವೋ. ಬುಕಿಂಗ್ ಆಫೀಸಿಗೆ ಇವತ್ತೇ ಫೋನ್ ಮಾಡಿ, ರಾತ್ರಿ ಎಷ್ಟು ಗಂಟೆಗೆ ಕರೆಂಟ್ ತೆಗೆಯುತ್ತಾರೆ, ತುರ್ತು ಬಂದರೆ ಗಾಡಿ, ಡ್ರೈವರ್ ಇರುತ್ತಾರಾ ಕೇಳು. ಅಲ್ಲಿ ಲ್ಯಾಂಡ್‌ಲೈನ್ ಇದ್ದರೆ ನಂಬರ್ ಗ್ರೂಪಿಗೆ ಹಾಕು. ಬೆಟ್ಟದಲ್ಲಿ ಡಾಕ್ಟರ್ ಸುದರ್ಶನ್ ಅವರು 1981ರಲ್ಲಿ ಸೋಲಿಗರಿಗಾಗಿ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ ಇದೆ. ದೊಡ್ಡ ಆಸ್ಪತ್ರೆ ಅಂದರೆ ಚಾಮರಾಜನಗರದ ಮೆಡಿಕಲ್ ಕಾಲೇಜಿನದ್ದು. ಎರಡಕ್ಕೂ ದಾರಿ ಹೇಗೆ ಅಂತ ಹೋದ ದಿನವೇ ವಾಚರನ್ನು ಕೇಳಿ ಇಟ್ಟುಕೊ. ಅವರು ಏನು ಹೇಳಿದರೂ ಎದುರು ಮಾತಾಡದೆ ಹಾಗೇ ಮಾಡು.

ಯಳಂದೂರು ಕಡೆಯಿಂದ ಹತ್ತಿದರೆ ಮೊದಲು ಸಿಗುವುದು ರಂಗನಾಥನ ದೇವಸ್ಥಾನದ ಬೆಟ್ಟ, ಆಮೇಲೆ ಕೆ. ಗುಡಿ. ದೇವಸ್ಥಾನಕ್ಕೆ ಹೋಗಿ ಅಜ್ಜಿ ಹೆಸರಿನಲ್ಲಿ ಒಂದು ಅರ್ಚನೆ ಮಾಡಿಸು. ಪಾದುಕೆಯನ್ನು ಪಾಪು ತಲೆಗೂ ಮುಟ್ಟಿಸು. ಬಾಳೆಹಣ್ಣು ಪ್ರಸಾದ ಕೊಟ್ಟರೆ ಅಲ್ಲೇ ತಿಂದು ಮುಗಿಸಿ ಕಾರು ಹತ್ತಿ. ಆಮೇಲೆ ಆ ಇನ್‌ಹೇಲರ್ ನಿನ್ನ ಕೈಚೀಲದಲ್ಲೇ ಇರಲಿ. ಡಿಕ್ಕಿಯ ಬ್ಯಾಗಿನಲ್ಲಿ ಹಾಕಿದರೆ ಬೇಕಾದಾಗ ಕೈಗೆ ಸಿಗೋದಿಲ್ಲ.