ಇಂಗ್ಲೆಂಡಿನ ಹಳ್ಳಿ ಪಬ್ಬಿಗೆ ಅಪ್ಪಯ್ಯ ಆಯಿನ ಕರ್ಕೊಂಡು ಹೋಗ್ಬಹುದಾ?

ಶಿರಸಿ ಮಾಣಿ:
ಅಡಿಕೆ ಕೆಲಸ ಎಲ್ಲಾ ಮುಗಿಸಿ ಮೇ ತಿಂಗಳಲ್ಲಿ ಅಪ್ಪಯ್ಯ ಆಯಿನ ಕರ್ಕೊಂಡು ಇಂಗ್ಲೆಂಡಿಗೆ ಅಕ್ಕನ ಮನೆಗೆ ಹೊರಟಿದ್ದೇನೆ. ಅವರಿರೋದು ಸಣ್ಣ ಹಳ್ಳಿ, ಒಂದು ಚರ್ಚು ಒಂದು ಪಬ್ಬು, ಮತ್ತೆಲ್ಲಾ ಕುರಿ ಮೇಯೋ ಬ್ಯಾಣ ಅಂತೆ. ಭಾವ ಫೋನ್ ಮಾಡ್ದಾಗೆಲ್ಲಾ ಒಂದಿನ ಪಬ್ಬಲ್ಲೇ ಊಟ ಅಂತಾರೆ, ಅಪ್ಪಯ್ಯ ಮಾತ್ರ ಈ ವಯಸ್ಸಲ್ಲಿ ನನ್ನ ಸಾರಾಯಿ ಅಂಗಡಿ ಮೆಟ್ಟಿಲು ಹತ್ತಿಸ್ತೀರೇನೋ ಅಂತ ಹಟ ಹಿಡಿದು ಕೂತಿದಾರೆ. ನಂಗೂ ಪಬ್ ಅಂದ್ರೆ ಬೆಂಗಳೂರಿಂದು ಗೊತ್ತು ಅಷ್ಟೇ, ಕತ್ತಲೆ, ಕಿವಿ ಹರಿಯೋ ಮ್ಯೂಸಿಕ್ಕು. ಕುಡಿಯದೇ ಇದ್ದೋರು, ಮೊಟ್ಟೆನೂ ಮುಟ್ಟದೋರು ಅಲ್ಲಿ ಹೋಗಿ ಕೂತ್ರೆ ಚಂದ ಕಾಣ್ತದಾ?

ಕುಮಟಾ ಅಕ್ಕ, ಈಗ ಯಾರ್ಕ್‌ಷೈರ್:
ಧೈರ್ಯವಾಗಿ ಕರ್ಕೊಂಡು ಹೋಗಿ ಮಾರಾಯ್ರೇ. ಹಳ್ಳಿ ಪಬ್ಬಲ್ಲಿ ಅಜ್ಜಿ, ಮೊಮ್ಮಕ್ಕಳು, ಮೇಜಿನ ಕೆಳಗೆ ಒದ್ದೆ ನಾಯಿ, ಎಲ್ಲಾ ಇರ್ತಾವೆ, ಲೈಮ್ ಸೋಡಾ ಹಿಡ್ಕೊಂಡು ಎರಡು ತಾಸು ಕೂತ್ರೂ ಯಾರೂ ಕೇಳೋದಿಲ್ಲ. ಗೊತ್ತಿರಬೇಕಾದ್ದು ಒಂದೇ, ಮಾಣಿ ಬಂದು ಮೇಜು ಒರೆಸಿ ಏನು ಬೇಕು ಅಂತ ಕೇಳ್ತಾನೆ ಅಂತ ಕಾಯ್ತಾ ಕೂತ್ರೆ ಕೂತೇ ಇರ್ಬೇಕು. ಮೇಜಿನ ನಂಬರ್ ನೋಡ್ಕೊಂಡು ಕೌಂಟರಿಗೆ ಹೋಗಿ, ಹೇಳಿ, ಅಲ್ಲೇ ದುಡ್ಡು ಕೊಟ್ಟು, ಗ್ಲಾಸು ನೀವೇ ಎತ್ಕೊಂಡು ಬರ್ಬೇಕು, ಊಟ ಮಾತ್ರ ಅವರು ತಂದ್ಕೊಡ್ತಾರೆ. ಕೌಂಟರ್ ಹತ್ರ ಸಾಲು ಅಂತ ಕಾಣೋದಿಲ್ಲ, ಆದ್ರೆ ಯಾರ ಹಿಂದೆ ಯಾರು ಬಂದ್ರು ಅನ್ನೋದು ಅಲ್ಲಿದ್ದೋರಿಗೆಲ್ಲಾ ಗೊತ್ತಿರ್ತದೆ, ನೋಟು ಆಡಿಸಿ ಕರೆಯೋಕೆ ಹೋಗ್ಬೇಡಿ. ಅಡುಗೆಮನೆ ಸುಮಾರು ಕಡೆ ಮಧ್ಯಾಹ್ನ ಎರಡು ಎರಡೂವರೆಗೆ ಮುಚ್ಚಿ ಸಂಜೆ ಆರಕ್ಕೇ ತೆಗೆಯೋದು, ನಮ್ಮೋರ ಹಾಗೆ ಮೂರು ಗಂಟೆಗೆ ಊಟಕ್ಕೆ ಹೋದ್ರೆ ಚಿಪ್ಸ್ ಪೊಟ್ಟಣವೇ ಗತಿ.

ಇನ್ನು ವೆಜ್. ಬರೀ ಆಲೂಗಡ್ಡೆ ಅಲ್ವಾ ಅಂತ ಬಿಸಿ ಚಿಪ್ಸ್, ಅಂದ್ರೆ ನಮ್ಮ ಫ್ರೆಂಚ್ ಫ್ರೈಸ್ ಥರದ್ದು, ಹೇಳ್ಬೇಡಿ, ಕೆಲವು ಕಡೆ, ನಮ್ಮ ಈ ಉತ್ತರದ ಕಡೆ ಜಾಸ್ತಿ, ದನದ ಕೊಬ್ಬಲ್ಲಿ ಕರೀತಾರೆ, ಕೇಳಿಯೇ ತಗೊಳ್ಳಿ. ಮೊಟ್ಟೆ, ಮೀನು, ಹಾಲು ಯಾವುದ್ರಲ್ಲಿ ಇದೆ ಅಂತ ಅಲರ್ಜಿ ಲೆಕ್ಕದಲ್ಲಿ ಅವರು ಹೇಳಲೇಬೇಕು, ಕಾನೂನೇ ಇದೆ, ಹಾಗಾಗಿ ಆಯಿ ಪರವಾಗಿ ಕೇಳೋಕೆ ನಾಚಿಕೆ ಬೇಡ.

ಕಾಳಿ ದಂಡೆ, ಕಾರವಾರ:
ಅಪ್ಪಯ್ಯನ ಕತೆ ಆಯ್ತು, ನೀವು ಕುಡಿಯೋರೋ ಇಲ್ವೋ ಹೇಳಿಲ್ಲ 😄 ಕುಡಿಯೋದಾದ್ರೆ ಬಾಟ್ಲಿ ಬಿಯರ್ ಬಿಟ್ಟು ಕಾಸ್ಕ್ ಏಲ್ ಅನ್ನೋ ಪೀಪಾಯಿ ಬಿಯರ್ ತಗೊಳ್ಳಿ. ಕೌಂಟರ್ ಮೇಲೆ ಉದ್ದ ಹಿಡಿಕೆಗಳು ನಿಂತಿರ್ತಾವೆ, ನೆಲಮಾಳಿಗೆಯಲ್ಲಿರೋ ಪೀಪಾಯಿಯಿಂದ ಆ ಹಿಡಿಕೆ ನಿಧಾನ ಜಗ್ಗಿ ಜಗ್ಗಿ ತುಂಬಿಸ್ತಾರೆ, ಮೊದಲು ಗ್ಲಾಸ್ ಪೂರಾ ಕದಡಿದ ಹಾಗೆ ಕಾಣ್ತದೆ, ಆಮೇಲೆ ಕೆಳಗಿಂದ ತಿಳಿಯಾಗ್ತಾ ಬಂದು ಮೇಲೆ ತೆಳು ನೊರೆ ಉಳೀತದೆ. ಐಸ್ ಕೋಲ್ಡ್ ಇರೋದಿಲ್ಲ, 11-13 ಡಿಗ್ರಿ ಅಷ್ಟೇ, ಫ್ರಿಜ್ ಕೆಟ್ಟಿದ್ಯಾ ಅಂತ ಕೇಳಬೇಡಿ. ಪೈಂಟ್ ಅಂದ್ರೆ 568 ಎಂಎಲ್, ಅರ್ಧವೂ ಕೊಡ್ತಾರೆ. ಒಂದು ವಿಷಯ, ಏಲ್ ತಿಳಿಯಾಗ್ಲಿ ಅಂತ ಸುಮಾರು ಕಂಪ್ನಿಯೋರು ಒಣಗಿಸಿದ ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಹಾಕ್ತಾರೆ, ನಂಗೇನೋ ಖುಷಿನೇ, ಭಟ್ರ ಮನೆಯೋರು ಮೊದ್ಲೇ ಕೇಳೋದು ಒಳ್ಳೇದು.

ಭಾವ ಡ್ರೈವಿಂಗ್ ಮಾಡೋದಾದ್ರೆ ಕುಡಿಸಬೇಡಿ. ಅಲ್ಲಿ 100 ಎಂಎಲ್ ರಕ್ತಕ್ಕೆ 80 ಎಂಜಿ ಆಲ್ಕೋಹಾಲ್ ತನಕ ಬಿಡ್ತಾರೆ, ನಮ್ಮಲ್ಲಿ 30, ಆ ಸಡಿಲ ನೋಡಿ ಉಬ್ಬಬಾರ್ದು, ಸ್ಕಾಟ್‌ಲೆಂಡಿಗೆ ಹೋದ್ರೆ 50ಕ್ಕೇ ಹಿಡೀತಾರೆ.

ಹೊನ್ನಾವರ ಹೆಗಡೆ:
ಎಲ್ರೂ ಹೊಗಳ್ತಾ ಇದೀರಿ ಅಂತ ಒಂದು ಮಾತು. ಹಳ್ಳಿ ಪಬ್ಬು ವರ್ಷಾ ವರ್ಷಾ ಮುಚ್ತಾ ಇದಾವೆ, ಉಳಿದಿದ್ರಲ್ಲೂ ಸುಮಾರು ಬರೀ ದುಬಾರಿ ರೆಸ್ಟೋರೆಂಟ್ ಆಗಿ ಕೂತಿದಾವೆ. ಭಾನುವಾರ ಮಧ್ಯಾಹ್ನ ರೋಸ್ಟ್ ಮಾಡಿದ ಮಾಂಸದ ಊಟಕ್ಕೆ ಬುಕ್ ಮಾಡದೇ ಹೋದ್ರೆ ಜಾಗ ಸಿಗೋದು ಕಷ್ಟ, ನಿಮಗೆ ಆ ಊಟದಿಂದ ಉಪಯೋಗವೂ ಇಲ್ಲ, ವಾರದ ಮಧ್ಯೆ ಹೋಗಿ. ರಾಯಲ್ ಓಕ್ ಅನ್ನೋ ಪಬ್ಬಿನ ಬೋರ್ಡು ಊರೂರಲ್ಲಿ ಕಾಣ್ತದೆ, 1651ರಲ್ಲಿ ಯುದ್ಧ ಸೋತ ಎರಡನೇ ಚಾರ್ಲ್ಸ್ ಓಕ್ ಮರದ ಮೇಲೆ ಅಡಗಿ ಕೂತು ಜೀವ ಉಳಿಸ್ಕೊಂಡ, ಅದೇ ಮರ ಅದು.

ನಿಮ್ಮ ಅಪ್ಪಯ್ಯನ ಒಪ್ಪಿಸ್ಬೇಕು ಅಂದ್ರೆ ಬೇರೆ ದಾರಿ ಇದೆ. ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಅನ್ನೋ ಹಳ್ಳೀಲಿ ಓಲ್ಡ್ ಕ್ರೌನ್ ಪಬ್ಬನ್ನ 2003ರಲ್ಲಿ ಊರೋರೇ ದುಡ್ಡು ಹಾಕಿ ಕೊಂಡ್ರು, ಸೀದಾ ನಮ್ಮ ಸೊಸೈಟಿ ಷೇರು ತಗೊಂಡ ಹಾಗೆ. ಈಗ ಬೇರೆ ಹಳ್ಳಿಯೋರೂ ಹೀಗೇ ಮಾಡ್ತಿದಾರೆ, ಕೆಲವು ಕಡೆ ಅದೇ ಕಟ್ಟಡದಲ್ಲಿ ಕಿರಾಣಿ, ಪೋಸ್ಟಾಫೀಸೂ ಇಟ್ಕೊಂಡಿದಾರೆ. ಶಿರಸಿ ಕಡೆಯೋರಿಗೆ ಸೊಸೈಟಿ ಅಂದ್ರೆ ಇನ್ನೇನು ಬೇಕು.

ಶಿರಸಿ ಮಾಣಿ:
ಎಲ್ರಿಗೂ ಥ್ಯಾಂಕ್ಸ್, ಅಪ್ಪಯ್ಯನಿಗೆ ಪೂರ್ತಿ ಓದಿ ಹೇಳ್ದೆ. ದನದ ಕೊಬ್ಬಿನ ಸುದ್ದಿ ಬಂದಾಗ ನೋಡಿದ್ಯಾ ಅನ್ನೋ ಹಾಗೆ ಆಯಿ ಮುಖ ನೋಡಿದ್ರು, ಸೊಸೈಟಿ ವಿಷಯ ಬಂದ ಕೂಡ್ಲೇ ಕವಳ ಉಗಿದು ಬಂದು ಕೂತ್ಕೊಂಡು ಷೇರಿಗೆ ಎಷ್ಟು, ಡಿವಿಡೆಂಡ್ ಕೊಡ್ತಾರಾ, ಹೊರಗಿನೋರಿಗೂ ಮೆಂಬರ್‌ಶಿಪ್ ಇದ್ಯಾ ಅಂತ ಶುರು ಮಾಡಿದಾರೆ. ಹೆಗಡೆಯೋರೇ, ಉತ್ತರ ನೀವೇ ಕೊಡ್ಬೇಕು.

ಹೊನ್ನಾವರ ಹೆಗಡೆ:
ಡಿವಿಡೆಂಡ್ ಆಸೆ ಬಿಟ್ಟೇ ಬರೋಕೆ ಹೇಳಿ. ಷೇರು ಎಷ್ಟೇ ಇದ್ರೂ ಒಬ್ರಿಗೆ ಒಂದೇ ಓಟು, ಅದು ಅವ್ರಿಗೆ ಗೊತ್ತಿರೋದೇ.