ಮನೆಯಲ್ಲೇ ಕುಳಿತು ಚಿತ್ರ ಬರೆಯುವವರು ದಿನವನ್ನು ಹೇಗೆ ಕಟ್ಟಿಕೊಳ್ಳುತ್ತೀರಿ?

ಗೆರೆಬಳ್ಳಿ, ಶಿವಮೊಗ್ಗ

ಎಂಟು ವರ್ಷ ಬೆಂಗಳೂರಿನ ಒಂದು ಅನಿಮೇಶನ್ ಸ್ಟುಡಿಯೋದಲ್ಲಿ ಹಿನ್ನೆಲೆ ಚಿತ್ರಗಳನ್ನು ಬರೆಯುತ್ತಿದ್ದೆ. ಕಳೆದ ವರ್ಷದಿಂದ ಊರಿನಲ್ಲೇ ಇದ್ದು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದೇನೆ. ಕೆಲಸಕ್ಕೆ ಬರವಿಲ್ಲ. ಈಗ ಕೈಯಲ್ಲಿರುವುದು 32 ಪುಟಗಳ ಒಂದು ಪುಸ್ತಕ. ಶರಾವತಿ ಹಿನ್ನೀರಿನಲ್ಲಿ ಲಾಂಚ್ ಹತ್ತಿ ಅಜ್ಜಿಮನೆಗೆ ಹೋಗುವ ಹುಡುಗನ ಕಥೆ, ಸೇತುವೆ ಬರುವ ಮುಂಚಿನ ಕಾಲದ್ದು. ಒಟ್ಟು 14 ಜೋಡಿಪುಟಗಳಲ್ಲಿ ಐದು ಮುಗಿದಿವೆ, ಇನ್ನು ಎರಡು ತಿಂಗಳಿದೆ.

ಮಗಳನ್ನು ಶಾಲೆಗೆ ಕಳಿಸಿ ಒಂಬತ್ತೂವರೆಗೆ ಟ್ಯಾಬ್ಲೆಟ್ ಮುಂದೆ ಕೂರುತ್ತೇನೆ. ಮೊದಲು ಇಮೇಲ್, ಆಮೇಲೆ ಪ್ರಕಾಶಕರ ವಾಟ್ಸಾಪ್, ಆಮೇಲೆ ನೀರಿನ ಬಣ್ಣ ಹೇಗಿರಬೇಕೆಂದು ಬೇರೆಯವರ ಚಿತ್ರಗಳನ್ನು ನೋಡುವುದು. ಪೆನ್ನು ಮುಟ್ಟುವಾಗ ಹನ್ನೊಂದೂವರೆ. ಲಾಂಚ್ ಹೊರಡುವ ಪುಟವೊಂದರದ್ದೇ 19 ಪ್ರತಿಗಳು ನನ್ನ ಬಳಿ ಇವೆ. ಪ್ರತಿ ಸಲವೂ ನೀರಿನ ಹಸಿರು ಸ್ವಲ್ಪ ಬದಲಾಗಿದೆ, ಅಷ್ಟೆ. ಹಗಲಿನಲ್ಲಿ ಆಗದ್ದನ್ನು ರಾತ್ರಿ ಹನ್ನೊಂದರಿಂದ ಎರಡರವರೆಗೆ ಕುಳಿತು ಮಾಡುತ್ತೇನೆ. ಮರುದಿನ ತಲೆ ಭಾರ.

ಐದು ಗಂಟೆಗೆ ಏಳಲು ನೋಡಿದೆ, ದೀಪ ಹಾಕಿದೊಡನೆ ಮಗಳೂ ಏಳುತ್ತಾಳೆ. 25 ನಿಮಿಷಕ್ಕೊಮ್ಮೆ ಗಂಟೆ ಹೊಡೆಯುವ ಪದ್ಧತಿಯನ್ನೂ ಮಾಡಿದೆ. ಗಂಟೆ ಹೊಡೆಯುವಾಗ ನಾನು ಒಂದು ಉದ್ದ ಗೆರೆಯ ನಡುವೆ ಇರುತ್ತೇನೆ. ಈ ಕೆಲಸವನ್ನು ನಾನು ಬಹಳ ಪ್ರೀತಿಸುತ್ತೇನೆ. ಹೀಗೇ ಆದರೆ ಕೈ ಸೋಲುತ್ತದೆಂಬ ಭಯವಿದೆ. ನೀವೆಲ್ಲ ಹೇಗೆ ಮಾಡುತ್ತೀರಿ?

ಅನುವಾದಕ, ಉಡುಪಿ

ನನ್ನದು ಅಕ್ಷರದ ಕೆಲಸ, ಅಳತೆ ಸುಲಭ. ದಿನಕ್ಕೆ ನಾಲ್ಕು ಪುಟ, ಆಮೇಲೆ ಮುಚ್ಚಿಡುವುದು. ಇಂಗ್ಲೆಂಡಿನ ಆಂಥನಿ ಟ್ರಾಲಪ್ ಅಂಚೆ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಬೆಳಗಿನ ಐದೂವರೆಗೆ ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳಂತೆ ಕಾದಂಬರಿಗಳನ್ನು ಬರೆದವರು. ನಮ್ಮ ಮಾಸ್ತಿಯವರೂ ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದಷ್ಟು ಕಾಲವೂ ಬರೆಯುತ್ತಲೇ ಇದ್ದರು. 1943ರಲ್ಲಿ ರಾಜೀನಾಮೆ ಕೊಡುವ ಹೊತ್ತಿಗೆ ಅವರ ಹಿಂದೆ ಎಷ್ಟೊಂದು ಕಥೆಗಳಿದ್ದವು. ಬಿಡುವು ಸಿಕ್ಕಾಗ ಬರೆಯುತ್ತೇನೆಂದು ಅವರು ಕಾಯಲಿಲ್ಲ.

ಒಂದೇ ಸಲಹೆ: ಹನ್ನೊಂದೂವರೆಯ ತನಕ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಪ್ರಕಾಶಕರಿಗೆ ಎರಡು ಗಂಟೆ ತಡವಾಗಿ ಉತ್ತರ ಬರೆದರೆ ಯಾವ ಪುಸ್ತಕವೂ ನಿಲ್ಲುವುದಿಲ್ಲ.

ಚಿನ್ನದರೇಕು, ಮೈಸೂರು

ನಾನು 36 ವರ್ಷಗಳಿಂದ ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳನ್ನು ಬರೆಯುತ್ತಿದ್ದೇನೆ. ನಿಮ್ಮ ಟ್ಯಾಬ್ಲೆಟ್ ನನಗೆ ಗೊತ್ತಿಲ್ಲ ಅಮ್ಮ. ಆದರೆ 19 ಪ್ರತಿ ಎಂದಿರಲ್ಲ, ಅದನ್ನು ಓದಿ ನನಗೆ ಸುಮ್ಮನಿರಲಾಗಲಿಲ್ಲ.

ನಮ್ಮ ಕೆಲಸದಲ್ಲಿ ದಿನವನ್ನು ಕಟ್ಟುವುದು ನಾವಲ್ಲ, ಸಾಮಗ್ರಿ. ಒಡವೆ, ಕಿರೀಟ, ಪ್ರಭಾವಳಿ ಇವುಗಳ ಗೆರೆಗಳನ್ನು ಜೆಸ್ಸೋದಿಂದ ಎಬ್ಬಿಸುತ್ತೇವೆ. ಸತುವಿನ ಬಿಳಿ ಪುಡಿಯನ್ನು ಗೋಂದಿನಲ್ಲಿ ಕಲಸಿ, ಸಣ್ಣ ಕುಂಚದಲ್ಲಿ ಎಳೆಯುವ ಗೆರೆ ಅದು. ಅದು ಒಣಗಬೇಕು. ಒಣಗಿದ ಮೇಲೆ ಚಿನ್ನದ ರೇಕು. ರೇಕು ಹಚ್ಚುವಾಗ ಫ್ಯಾನ್ ಆರಿಸಿ ಕಿಟಕಿ ಮುಚ್ಚಬೇಕು, ಉಸಿರನ್ನೂ ಅತ್ತ ತಿರುಗಿಸಬೇಕು, ಇಲ್ಲದಿದ್ದರೆ ಹಾರುತ್ತದೆ. ಆಮೇಲೆ ಬಣ್ಣ. ಅದೂ ಒಣಗಿದ ಮೇಲೆ ತೆಳುವಾದ ಕಾಗದ ಹೊದಿಸಿ ನುಣುಪು ಕಲ್ಲಿನಿಂದ ಹದವಾಗಿ ಉಜ್ಜುತ್ತೇವೆ, ಆಗ ಚಿನ್ನ ಹೊಳೆಯುತ್ತದೆ. ಯಾವ ಹಂತಕ್ಕೂ ಅವಸರ ಒಗ್ಗುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಒಮ್ಮೆ ದಸರಾಕ್ಕೆ ಮುಂಚೆ ಕೊಡಬೇಕಾದ ಚಿತ್ರವೊಂದಕ್ಕೆ, ಮೋಡದ ದಿನ, ಪೂರ್ತಿ ಒಣಗದ ಜೆಸ್ಸೋ ಮೇಲೆ ರೇಕು ಹಚ್ಚಿದೆ. ಚಾಮುಂಡೇಶ್ವರಿಯ ಕಿರೀಟದ ಗೆರೆಗಳೆಲ್ಲ ಚಪ್ಪಟೆಯಾದವು. ಕೆರೆದು ತೆಗೆದು ಮತ್ತೆ ಎಳೆಯಲು ಮೂರು ದಿನ ಹಿಡಿಯಿತು.

ಆದ್ದರಿಂದ ನನ್ನ ಮುಂದೆ ಯಾವಾಗಲೂ ಮೂರು ಹಲಗೆಗಳಿರುತ್ತವೆ, ಮೂರೂ ಬೇರೆ ಬೇರೆ ಹಂತದಲ್ಲಿ. ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಪೂರ್ವದ ಕಿಟಕಿಯ ಬೆಳಕಿನಲ್ಲಿ ಮುಖ ಮತ್ತು ಕಣ್ಣು, ಏಕೆಂದರೆ ಆಗ ಕೈ ನಡುಗುವುದಿಲ್ಲ. ತಿಂಡಿಯಾದ ಮೇಲೆ ಇನ್ನೊಂದರ ಜೆಸ್ಸೋ. ಅದು ಒಣಗುವ ತನಕ ಮೂರನೆಯದರ ಆಕಾಶ, ಗುಡ್ಡ. ಮಧ್ಯಾಹ್ನ ಊಟದ ಮೇಲೆ ನಾನು ಮುಖ ಮುಟ್ಟುವುದೇ ಇಲ್ಲ. ಸಂಜೆ ಐದೂವರೆಗೆ ಕುಂಚ ತೊಳೆಯುತ್ತೇನೆ. ಮಲಗುವ ಮುಂಚೆ ಮರುದಿನದ ಗೋಂದನ್ನು ನೀರಿನಲ್ಲಿ ನೆನೆಹಾಕುತ್ತೇನೆ. ಗೋಂದು ನೆನೆದು ಕಾಯುತ್ತಿದೆ ಎಂದು ಗೊತ್ತಿದ್ದರೆ ಬೆಳಿಗ್ಗೆ ಎಲ್ಲಿಂದ ಶುರು ಮಾಡಲಿ ಎಂಬ ಪ್ರಶ್ನೆ ಏಳುವುದಿಲ್ಲ.

ಗೆರೆಬಳ್ಳಿ

ಗುರುಗಳೇ, ಎರಡು ಸಲ ಓದಿದೆ. ಆದರೆ ನನ್ನ ಪರದೆಯ ಮೇಲೆ ಯಾವುದೂ ಒಣಗುವುದಿಲ್ಲ. ಯಾವ ಗೆರೆಯನ್ನು ಯಾವಾಗ ಬೇಕಾದರೂ ಅಳಿಸಬಹುದು. ತೊಡಕು ಅಲ್ಲಿಯೇ ಇದೆ ಎಂದು ಈಗ ಅನ್ನಿಸುತ್ತಿದೆ.

ಚಿನ್ನದರೇಕು, ಮೈಸೂರು

ಹಾಗಾದರೆ ಒಣಗುವ ಹೊತ್ತನ್ನು ನೀವೇ ಕೊಡಬೇಕು. ಒಂದು ಪುಟದ ಒಂದು ಹಂತ ಮುಗಿದ ಕೂಡಲೇ ಅದನ್ನು ಚಿಕ್ಕದಾಗಿ ಮುದ್ರಿಸಿ ಗೋಡೆಗೆ ಅಂಟಿಸಿ. ನಾಳೆಯ ತನಕ ಆ ಕಡತ ತೆರೆಯಬೇಡಿ. ಹೋಗುತ್ತಾ ಬರುತ್ತಾ ನೋಡಿ, ತಪ್ಪು ತಾನಾಗಿ ಕಾಣುತ್ತದೆ. ಅಷ್ಟರಲ್ಲಿ ಬೇರೆ ಪುಟದ ಕೆಲಸ ಮಾಡಿ. ಬಣ್ಣದ ನಿರ್ಧಾರ ಬೆಳಿಗ್ಗೆ ಮಾತ್ರ. ರಾತ್ರಿ ಬೇಡವೇ ಬೇಡ, ದೀಪದ ಬೆಳಕಿನಲ್ಲಿ ದಣಿದ ಕಣ್ಣು ಹಸಿರನ್ನು ಸರಿಯಾಗಿ ಹೇಳುವುದಿಲ್ಲ.

ಮೂರುಕಾಲಂ, ಹುಬ್ಬಳ್ಳಿ

ಪತ್ರಿಕೆಯೊಂದಕ್ಕೆ ಚಿತ್ರ ಬರೆಯುವವನು ನಾನು. ನಮಗೆ ಒಣಗಲು ಹೊತ್ತಿಲ್ಲ, ಪುಟ ಬಿಡುವ ಹೊತ್ತೇ ನಮ್ಮ ಯಜಮಾನ. ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ 1951ರಲ್ಲಿ ಆರಂಭಿಸಿದ ಪುಟ್ಟ ವ್ಯಂಗ್ಯಚಿತ್ರವನ್ನು ದಶಕಗಳ ಕಾಲ ನಡೆಸಿದರು. ಅಷ್ಟು ದಿನಗಳೂ ಒಳ್ಳೆಯ ದಿನಗಳಾಗಿರಲು ಸಾಧ್ಯವೇ? ಆದರೂ ಮರುದಿನ ಬೆಳಿಗ್ಗೆ ಚಿತ್ರ ಇರುತ್ತಿತ್ತು.

ಮೇಡಂ, ಒಂಬತ್ತು ಜೋಡಿಪುಟಗಳಿಗೆ ಒಂದೇ ಗಡುವು ಇದ್ದರೆ ಅದು ಗಡುವೇ ಅಲ್ಲ. ಪ್ರತಿ ಶುಕ್ರವಾರ ಸಂಜೆ ಇಷ್ಟು ಕಳಿಸುತ್ತೇನೆಂದು ಪ್ರಕಾಶಕರಿಗೆ ನೀವೇ ಬರೆದುಕೊಡಿ. ಕೊಟ್ಟ ಮಾತು ಕೈಯನ್ನು ನಡೆಸುತ್ತದೆ.

ಗೆರೆಬಳ್ಳಿ

ಮೂರು ವಾರಗಳಾದವು. ಹೇಳದೆ ಇರಲು ಮನಸ್ಸಾಗಲಿಲ್ಲ.

ಮೊಬೈಲ್ ಅಡುಗೆಮನೆಯ ಡಬ್ಬಿಗಳ ಸಾಲಿನಲ್ಲಿರುತ್ತದೆ. ಒಂಬತ್ತೂವರೆಯಿಂದ ಹನ್ನೊಂದೂವರೆ ಬಣ್ಣ, ಮಧ್ಯಾಹ್ನ ಕರಡು ರೇಖೆಗಳು. ಶುಕ್ರವಾರದ ಮಾತನ್ನು ಎರಡು ವಾರ ಉಳಿಸಿಕೊಂಡೆ. ನಡುವಿನ ವಾರ ಮಗಳಿಗೆ ಜ್ವರವಿತ್ತು, ಅದು ಸೋಮವಾರಕ್ಕೆ ಹೋಯಿತು. ನಾಲ್ಕು ಜೋಡಿಪುಟಗಳು ಮುಗಿದಿವೆ, ಐದು ಉಳಿದಿವೆ. ರಾತ್ರಿ ಕೂತದ್ದು ಒಂದೇ ದಿನ.

ಲಾಂಚ್ ಪುಟದ 19 ಪ್ರತಿಗಳಲ್ಲಿ ಕೊನೆಗೆ ಉಳಿದದ್ದು ಮೂರನೆಯದು. ಅದನ್ನು ಮುದ್ರಿಸಿ ಊಟದ ಮೇಜಿನ ಎದುರಿನ ಗೋಡೆಗೆ ಅಂಟಿಸಿದ್ದೆ. ಮೊನ್ನೆ ಅನ್ನ ಕಲಸುತ್ತಿದ್ದಾಗ ಮಗಳು ಕೇಳಿದಳು: "ಅಮ್ಮಾ, ಲಾಂಚನ್ನು ದಡಕ್ಕೆ ಕಟ್ಟುವ ಹಗ್ಗ ಎಲ್ಲಿ?" ಅಷ್ಟು ದಿನ ಹಸಿರನ್ನೇ ನೋಡುತ್ತಿದ್ದ ನನಗೆ ಹಗ್ಗ ಇಲ್ಲದ್ದು ಕಂಡಿರಲಿಲ್ಲ. ಆಗಲೇ ಎದ್ದುಹೋಗಿ ಎಳೆದುಬಿಡಬೇಕೆನ್ನಿಸಿತು. ಎಳೆಯಲಿಲ್ಲ. ಒಂದು ಚೀಟಿಯಲ್ಲಿ "ಹಗ್ಗ" ಎಂದು ಬರೆದು ಟ್ಯಾಬ್ಲೆಟ್ ಮೇಲೆ ಇಟ್ಟು ಮಲಗಿದೆ.