ನಾಯ್ಸ್ ಅಂದರೆ ಗದ್ದಲವೇ? ಸೂಜಿಗಲ್ಲಿನ ಲೇಖನಕ್ಕೆ ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ, ಚಿಕ್ಕಮಗಳೂರಿನಿಂದ ಬರೆಯುತ್ತಿದ್ದೇನೆ. ಪಿಯುಸಿ ಮಕ್ಕಳಿಗಾಗಿ ಕಾಂತಗುಣದ ಆಕ್ಸೈಡುಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಕೈ ನಿಂತಿದೆ. ಫೇಸ್ ಟ್ರಾನ್ಸಿಷನ್ ಮತ್ತು ನಾಯ್ಸ್.

ಲೇಖನ ಶುರುವಾಗುವುದು ನಮ್ಮ ಕುದುರೆಮುಖದ ಅದಿರಿನಿಂದ. ಗಣಿ 2005ರ ಕೊನೆಗೆ ನಿಂತಿತು, ಆದರೆ ಜಿಲ್ಲೆಯ ಮಕ್ಕಳಿಗೆ ಹೆಸರು ಗೊತ್ತು. ಆ ಅದಿರು ಮ್ಯಾಗ್ನಟೈಟ್ ಅನ್ನುವ ಕಬ್ಬಿಣದ ಆಕ್ಸೈಡು, ಸೂಜಿಗಲ್ಲಿನ ಜಾತಿ. ಇದನ್ನು ಸುಮಾರು 120 ಕೆಲ್ವಿನ್‌ವರೆಗೆ, ಅಂದರೆ ಸೊನ್ನೆ ಡಿಗ್ರಿಗಿಂತ 150 ಕೆಳಗೆ ತಣಿಸಿದರೆ ಕರೆಂಟು ಹರಿಯುವುದು ಇದ್ದಕ್ಕಿದ್ದಂತೆ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 1939ರಲ್ಲಿ ವಿಜ್ಞಾನಿ ವೆರ್ವೆ ಇದನ್ನು ವಿವರಿಸಿದರು, ಈಗಲೂ ಅವರ ಹೆಸರಿನಲ್ಲೇ ಇದೆ.

ಇಂಥ ಬದಲಾವಣೆಯೇ ಫೇಸ್ ಟ್ರಾನ್ಸಿಷನ್. ಫೇಸ್‌ಗೆ ಪುಸ್ತಕದ ‘ಪ್ರಾವಸ್ಥೆ’ ಇದೆ, ಮಕ್ಕಳ ಬಾಯಲ್ಲಿ ನಿಲ್ಲುವುದಿಲ್ಲ. ಫೇಸ್ ಅಂತಲೇ ಬಿಟ್ಟರೆ ಪಂಪ್‌ಸೆಟ್ಟಿನ ತ್ರೀ ಫೇಸ್ ನೆನಪಾಗುತ್ತದೆ, ಲೇಖನವೂ ಕರೆಂಟಿನದ್ದೇ. ‘ಹಂತ’ ಅಂದರೆ ಒಂದು ಮುಗಿದ ಮೇಲೆ ಇನ್ನೊಂದು ಅನ್ನುವ ಅರ್ಥ ಬರುತ್ತದೆ, ಇಲ್ಲಿ ಎರಡೂ ಒಟ್ಟಿಗೆ ಇರಬಹುದು. ಸದ್ಯಕ್ಕೆ ‘ಸ್ಥಿತಿ ಬದಲಾವಣೆ’ ಅಂತ ಇಟ್ಟುಕೊಂಡಿದ್ದೇನೆ. ಇದರಲ್ಲಿ ಜಾಸ್ತಿ ತಕರಾರಿಲ್ಲ.

ತಲೆನೋವು ನಾಯ್ಸ್‌ನದ್ದು. ಗದ್ದಲ, ಸದ್ದು ಅಂತ ಬರೆಯುವವರಿದ್ದಾರೆ. ಆದರೆ ಇದು ಕಿವಿಗೆ ಬೀಳುವುದಲ್ಲ. ಒಂದೇ ಸಮನೆ ಕರೆಂಟು ಹರಿಸಿದರೂ ವೋಲ್ಟೇಜು ನಿಂತಲ್ಲಿ ನಿಲ್ಲದೆ ಚೂರು ಮೇಲೆ ಕೆಳಗೆ ಆಡುತ್ತಲೇ ಇರುತ್ತದಲ್ಲ, ಅದು. 1919ರಲ್ಲಿ ವಿಜ್ಞಾನಿ ಬಾರ್ಕ್‌ಹೌಸೆನ್ ಕಬ್ಬಿಣಕ್ಕೆ ತಂತಿ ಸುತ್ತಿ, ಕಾಂತಕ್ಷೇತ್ರವನ್ನು ನಿಧಾನವಾಗಿ ಬದಲಿಸುತ್ತಾ, ಆಂಪ್ಲಿಫೈಯರ್ ಇಟ್ಟು ನಿಜವಾಗಿಯೂ ಟಕಟಕ ಕೇಳಿಸಿಕೊಂಡರು, ಹಾಗಾಗಿ ಅಲ್ಲಿ ಸದ್ದು ಅನ್ನಬಹುದು. 1928ರಲ್ಲಿ ಜಾನ್ಸನ್ ಅಳೆದು ನೈಕ್ವಿಸ್ಟ್ ಲೆಕ್ಕ ಕೊಟ್ಟಿದ್ದು ಬೇರೆ ಬಗೆ. ಕರೆಂಟೇ ಹರಿಸದಿದ್ದರೂ ಬರೀ ಶಾಖದಿಂದ ರೆಸಿಸ್ಟರಿನ ತುದಿಗಳಲ್ಲಿ ವೋಲ್ಟೇಜು ಅಲುಗಾಡುತ್ತದೆ. ಪಕ್ಕದ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) 36,000 ಕಿ.ಮೀ. ಮೇಲಿನ ಉಪಗ್ರಹದ ಸಣ್ಣ ಸಿಗ್ನಲ್ ಹಿಡಿಯುವಾಗ ಅಡ್ಡ ಬರುವುದರಲ್ಲಿ ಇದೂ ಒಂದು. ಅಲ್ಲಿ ಗದ್ದಲ ಒಪ್ಪುತ್ತದೆ. ಬೇಕಾದ ಮಾತನ್ನು ಕೇಳಿಸದಂತೆ ಮಾಡುವುದು ಗದ್ದಲ ತಾನೇ.

ಆಕ್ಸೈಡುಗಳಲ್ಲಿ ಕಥೆ ಉಲ್ಟಾ. ಲ್ಯಾಂಥನಮ್ ಮತ್ತು ಕ್ಯಾಲ್ಸಿಯಂ ಸೇರಿದ ಮ್ಯಾಂಗನೈಟ್, ಅಂದರೆ ಮ್ಯಾಂಗನೀಸಿನ ಆಕ್ಸೈಡು ತೆಗೆದುಕೊಳ್ಳಿ (ನಮ್ಮ ಸಿ.ಎನ್.ಆರ್. ರಾವ್ ಅವರೂ ಈ ಬಗೆಯ ವಸ್ತುಗಳ ಮೇಲೆ ತುಂಬಾ ಕೆಲಸ ಮಾಡಿದವರು). ಕ್ಯಾಲ್ಸಿಯಂ ಮೂರನೇ ಒಂದು ಪಾಲಿದ್ದರೆ, ಸುಮಾರು 250 ಕೆಲ್ವಿನ್‌ಗಿಂತ ಕೆಳಗೆ ಅದು ಕಾಂತವೂ ಹೌದು, ಲೋಹದ ಹಾಗೆ ಕರೆಂಟನ್ನೂ ಬಿಡುತ್ತದೆ. ಅದಕ್ಕಿಂತ ಮೇಲೆ ಎರಡೂ ಇಲ್ಲ. ಆ ಗಡಿಯ ಹತ್ತಿರ ಕರೆಂಟು ಬಿಡುವ ತುಣುಕುಗಳೂ ಬಿಡದ ತುಣುಕುಗಳೂ ಒಂದೇ ಸ್ಯಾಂಪಲ್ಲಿನೊಳಗೆ ಬೆರೆತಿರಬಹುದು. ಮಳೆಗೆ ಅಂಗಳದ ಗುಂಡಿಗಳು ತುಂಬಿ ಒಂದಕ್ಕೊಂದು ಕೂಡಿಕೊಂಡು ನೀರಿಗೆ ದಾರಿಯಾಗುತ್ತದಲ್ವಾ, ಕರೆಂಟಿನ ದಾರಿಯೂ ಹಾಗೇ. ಇಕ್ಕಟ್ಟಿನ ಜಾಗದಲ್ಲಿರುವ ಒಂದೇ ಒಂದು ತುಣುಕು ಮಗುಚಿದರೂ, ಅಂದರೆ ಕರೆಂಟು ಬಿಡುವುದು ಬಿಡದ್ದಾದರೂ, ಸಣ್ಣ ಸ್ಯಾಂಪಲ್ಲಿನಲ್ಲಿ ರೆಸಿಸ್ಟೆನ್ಸ್ ಜಿಗಿಯುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ವಾಪಸ್. ಗ್ರಾಫಿನಲ್ಲಿ ಕಾಣುವುದು ಎರಡೇ ಮಟ್ಟ, ಅವುಗಳ ನಡುವೆ ಗೊತ್ತುಗುರಿಯಿಲ್ಲದ ಓಡಾಟ. ಸರಾಸರಿ ನೋಡಿದರೆ ಇದು ಕಾಣುವುದೇ ಇಲ್ಲ. ಜಿಗಿತ ಎಷ್ಟು ದೊಡ್ಡದು, ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಅನ್ನುವುದರಿಂದಲೇ ತುಣುಕಿನ ಅಳತೆ, ಅದು ಮಗುಚಲು ಬೇಕಾದ ಶಕ್ತಿ ಎಲ್ಲ ಅಂದಾಜು ಮಾಡುತ್ತಾರೆ. ಒಳಗಿನ ಸುದ್ದಿ ತಂದುಕೊಡುವುದನ್ನೇ ಗದ್ದಲ ಅಂದರೆ ಹೇಗೆ?

‘ಏರಿಳಿತ’ ನೋಡಿದೆ, ತೀರಾ ಸಪ್ಪೆ, ತರಕಾರಿ ರೇಟಿಗೂ ಅದೇ ಪದ. ‘ಅದುರಾಟ’ ಚೆನ್ನಾಗಿದೆ, ಆದರೆ ಅದಿರಿನ ಅದುರಾಟ ಅಂತ ಬರೆದರೆ ಮಕ್ಕಳು ನಗುತ್ತಾರೆ. ನನ್ನ ಮನಸ್ಸು ‘ಹೊಯ್ದಾಟ’ದ ಕಡೆ. ಈ ಕಡೆಯೋ ಆ ಕಡೆಯೋ ಅಂತ ತೀರ್ಮಾನವಾಗದೆ ಇರುವುದಕ್ಕೆ ನಾವು ಮೊದಲಿಂದ ಹೇಳುವುದೇ ಅದನ್ನ. ಎರಡು ಮಟ್ಟದ ಜಿಗಿತಕ್ಕೆ ಸರಿಯಾಗಿ ಕೂರುತ್ತದೆ. ಜಾನ್ಸನ್ ಬಗೆಯದ್ದಕ್ಕೆ ಕೂರುವುದಿಲ್ಲ, ಅಲ್ಲಿ ಎರಡು ಕಡೆ ಅನ್ನುವುದೇ ಇಲ್ಲ. ಹಾಗಾಗಿ ಸಿಗ್ನಲ್ಲಿಗೆ ಅಡ್ಡ ಬರುವುದಕ್ಕೆ ಗದ್ದಲ, ವಸ್ತುವಿನ ಒಳಗಿನದ್ದಕ್ಕೆ ಹೊಯ್ದಾಟ ಅಂತ ಎರಡು ಪದ ಬಳಸಿದರೆ ಓದುವವರಿಗೆ ತೊಡಕಾಗುತ್ತದೆಯೇ? ಇನ್ನೊಂದು, ಮೀಟರಿನ ಮುಳ್ಳು ಒಂದು ಕಡೆ ನಿಲ್ಲದೆ ಆಡುತ್ತಿದ್ದರೆ ನಿಮ್ಮ ಊರಿನ ರೇಡಿಯೋ ರಿಪೇರಿಯವರು, ಮೋಟಾರ್ ವೈಂಡಿಂಗ್ ಮಾಡುವವರು ಏನು ಹೇಳುತ್ತಾರೆ? ಗೊತ್ತಿದ್ದವರು ದಯವಿಟ್ಟು ಬರೆಯಿರಿ.